ಬಾಗಿದರೂ ಬಿರಿಯದ ಹೊಲಿಗೆ

ಸುಮನಾಳ ಕೈಮೇಲೆ ಸಾಸಿವೆ ಕಾಳಿನಷ್ಟು ಸುಟ್ಟ ಗುರುತುಗಳು ಚೆಲ್ಲಿಕೊಂಡಿದ್ದವು. ಮೇಜಿನ ಆಚೆ ಕೂತಿದ್ದ ಹುಡುಗ ಮೊದಲು ನೋಡಿದ್ದು ಅವನ್ನೇ. ಮುಖವನ್ನು ಆಮೇಲೆ ನೋಡಿದ. ನೋಡಿದವನು ಕಣ್ಣು ಕೀಳುವುದನ್ನು ಸ್ವಲ್ಪ ಹೊತ್ತು ಮರೆತ.

ಕೊಪ್ಪದ ಬಸ್ ಸ್ಟ್ಯಾಂಡಿಗೆ ಹತ್ತಿರದ ಮಹಡಿಯೊಂದರಲ್ಲಿ ಆ ಟ್ರೈನಿಂಗ್ ಸೆಂಟರ್ ಇತ್ತು. ಮೇಜಿನ ಮೇಲಿನ ಹಲಗೆಯಲ್ಲಿ ‘ನಿತೀಶ್, ಕೌನ್ಸೆಲರ್’ ಎಂದು ಬರೆದಿತ್ತು. ಅವನ ಬೆನ್ನ ಹಿಂದೆ ಗಾಜಿನ ಕ್ಯಾಬಿನ್ನು. ಅದರೊಳಗೆ ಸೆಂಟರಿನ ಮಾಲೀಕ ಶಾಂತವೀರಪ್ಪ ಫೋನಿನಲ್ಲಿ ಮಾತಾಡುತ್ತಲೇ ಹೊರಗೆ ಕಣ್ಣಿಟ್ಟಿದ್ದ.

“ವೆಲ್ಡಿಂಗ್ ಡಿಪ್ಲೊಮಾಕ್ಕೆ ಸೇರ್ಬೇಕಿತ್ತು,” ಅಂದಳು ಸುಮನಾ.

“ಯಾರು, ನಿಮ್ಮ ತಮ್ಮನಾ?”

“ಅಲ್ಲ. ನಿಮ್ಮೆದುರಿಗೆ ಒಬ್ಬಳು ಕೂತಿದಾಳಲ್ಲ, ಅವಳು.”

ಅವನ ಕಿವಿಯ ತುದಿ ಕೆಂಪಾಯಿತು. “ಎಷ್ಟು ವರ್ಷದಿಂದ ಕೆಲಸ ಮಾಡ್ತಿದೀರಿ?”

“ಆರು. ಬೈರಪ್ಪಣ್ಣನ ಶೆಡ್ಡಲ್ಲಿ. ನಮ್ಮೂರು ಹಿರೇಕೊಡಿಗೆ. ಅಲ್ಲಿ ಹಳ್ಳ ದಾಟೋಕೆ ಕಬ್ಬಿಣದ ಕಾಲುಸಂಕ ಮಂಜೂರಾಗಿದೆ. ಸರ್ಟಿಫಿಕೇಟ್ ಇಲ್ಲದವರು ಬೆಸುಗೆ ಹಾಕೋ ಹಾಗಿಲ್ಲ ಅಂತ ಶೃಂಗೇರಿ ಎಂಜಿನಿಯರ್ ಹೇಳಿದಾರೆ.”

ನಿತೀಶ್ ಮೇಜಿನ ಮೇಲಿದ್ದ ಬಣ್ಣದ ಪುಸ್ತಿಕೆಯನ್ನು ಅವಳತ್ತ ತಳ್ಳಲು ಹೋದ. ಅರ್ಧದಾರಿಯಲ್ಲಿ ಅವನ ಕೈ ನಿಂತಿತು. ಮತ್ತೊಮ್ಮೆ ಅವಳ ಕೈ ನೋಡಿದ. ಪುಸ್ತಿಕೆ ವಾಪಸ್ ಡ್ರಾಯರಿಗೆ ಹೋಯಿತು.

“ಇದು ನಿಮಗೆ ಬೇಡ.”

“ಯಾಕೆ?”

ಅವನು ಬಾಯಿ ತೆರೆದ. ಹಿಂದೆ ಕ್ಯಾಬಿನ್ನಿನ ಬಾಗಿಲು ಕಿರ್ ಅಂತು. ತೆರೆದ ಬಾಯಿ ಮುಚ್ಚಿಕೊಂಡಿತು. “ಬೇಡ ಅಂದ್ರೆ ಬೇಡ. ಮನೆಗೆ ಹೋಗಿ.”

“ಹುಡುಗಿ ಅಂತ ತಾನೆ?”

ಅವನು ಡ್ರಾಯರನ್ನು ತಳ್ಳಿ ಮುಚ್ಚಿದ. ಸುಮನಾ ಮೆಟ್ಟಿಲಿಳಿದು ಬರುವಾಗ ಕಣ್ಣು ಉರಿಯುತ್ತಿತ್ತು. ಎಷ್ಟು ಚೆಂದದ ಕಣ್ಣಿತ್ತು ಅವನಿಗೆ, ಒಳಗೆ ಇಂಥ ಬುದ್ಧಿ ಇಟ್ಟುಕೊಂಡಿದ್ದಾನಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡಳು. ಬೈಯುವುದಕ್ಕಾದರೂ ಅವನ ಕಣ್ಣನ್ನು ನೆನೆಯಲೇಬೇಕಾಯಿತಲ್ಲ, ಅದು ಇನ್ನೂ ಸಿಟ್ಟು ತರಿಸಿತು.

ಸುಮನಾಳನ್ನು ಬೆಳೆಸಿದವಳು ಅಜ್ಜಿ ಜಲಜಮ್ಮ, ಬೆಳೆಸಿದ್ದು ಅನ್ನಕ್ಕಿಂತ ಹೆಚ್ಚು ಕಥೆಯಲ್ಲಿ. ಅಜ್ಜಿಯ ಕಥೆಗಳಲ್ಲೆಲ್ಲ ಸುಮನಾಳಿಗೆ ಪ್ರಾಣವಾದದ್ದು ಒಂದು: ಸೂರ್ಯನಿಂದ ನೂಲು ತೆಗೆದು ಹೊಲಿಯುವ ಹುಡುಗಿಯದು. ಅವಳು ಹೊಲಿಯಲು ಕೂತರೆ ಎದುರಿಗೆ ನಿಂತವರಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮದುವೆಯಾಗಲು ಬಂದ ರಾಜಕುಮಾರರೆಲ್ಲ ಕಣ್ಣೊರೆಸಿಕೊಂಡು ಹಿಂದಿರುಗಿದರು. ಒಬ್ಬ ಮುತ್ತು ತಂದ, ಒಬ್ಬ ಆನೆ ತಂದ. ಯಾವುದೂ ಆಗಲಿಲ್ಲ.

“ಕಡೆಗೆ ಯಾರನ್ನ ಮದುವೆಯಾದ್ಲು ಅಜ್ಜಿ?”

“ನೆರಳು ತಂದವನನ್ನ.”

“ಸೂರ್ಯನ ಎದುರಿಗೆ ಹಿಡಿಯೋ ನೆರಳು ಎಲ್ಲಿ ಸಿಗುತ್ತೆ?”

“ಅದನ್ನ ತಂದವನನ್ನೇ ಕೇಳು. ಮಲಗೀಗ.”

ಬೈರಪ್ಪನ ಶೆಡ್ಡಿನಲ್ಲಿ ಮೊದಲ ಸಲ ವೆಲ್ಡಿಂಗ್ ಕಿಡಿ ಹಾರಿದ್ದನ್ನು ಕಂಡಾಗ ಅವಳಿಗೆ ಬೇರೆ ಏನೂ ನೆನಪಾಗಲಿಲ್ಲ. ಅದೇ ನೂಲು ಎಂದುಕೊಂಡಳು. ಪಿಯುಸಿ ಮುಗಿಸಿ ಶೆಡ್ಡಿನ ಲೆಕ್ಕ ಬರೆಯಲು ಬಂದವಳು ತಿಂಗಳೊಪ್ಪತ್ತಿನಲ್ಲಿ ಬೆಸುಗೆಯ ಹೋಲ್ಡರ್ ಹಿಡಿದಿದ್ದಳು. ಈಗ ಬೈರಪ್ಪನಿಗೆ ಕಣ್ಣಿನ ಪೊರೆ ಬಂದು, ಕೊಪ್ಪದ ಸುತ್ತಿನ ಗೇಟು, ಕಿಟಕಿ, ಪವರ್ ಟಿಲ್ಲರಿನ ಟ್ರೈಲರು ಎಲ್ಲ ಅವಳ ಕೈಯದೇ. ಆದರೆ ಹೆಸರು ಮಾತ್ರ ಎಲ್ಲೂ ಅವಳದಲ್ಲ. ‘ಬೈರಪ್ಪನ ಕೆಲಸ, ನೋಡಬೇಕಾದ್ದಿಲ್ಲ’ ಎಂದು ಜನ ಹೊಗಳಿದಾಗ ಬೈರಪ್ಪನೇ ಮುಜುಗರಪಟ್ಟುಕೊಂಡು ಕೆಮ್ಮುತ್ತಿದ್ದ.

ಈ ಸಂಕದ ವಿಷಯದಲ್ಲಿ ಹಾಗಾಗಬಾರದು. ಅವಳ ಅಜ್ಜಿ ಮಳೆಗಾಲದಲ್ಲಿ ಅಡಿಕೆ ಮರ ಸೀಳಿದ ದಬ್ಬೆಯ ಆಸರೆ ಹಿಡಿದು ನಡುಗುತ್ತ ದಾಟುವ ಹಳ್ಳ ಅದು. ಅದರ ಕೆಲಸದ ಕಾಗದದಲ್ಲಿ ‘ವೆಲ್ಡರ್’ ಎಂದಿರುವ ಕಡೆ ತನ್ನ ಹೆಸರಿರಬೇಕು. ಸರ್ಟಿಫಿಕೇಟ್ ಸಿಗದಿದ್ದರೆ ಹೊರಗಿನವರು ಬಂದು ಬೆಸೆದು ಹೋಗುತ್ತಾರೆ, ಅವಳು ದಂಡೆಯಲ್ಲಿ ನಿಂತು ನೋಡಬೇಕು. ಅದಕ್ಕೇ ಸ್ವಂತ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ನಿಗೆ ಕೂಡಿಟ್ಟ ದುಡ್ಡನ್ನು ಡಿಪ್ಲೊಮಾಕ್ಕೆ ಸುರಿಯಲು ಹೊರಟದ್ದು.

ಎರಡು ದಿನ ಬಿಟ್ಟು ಮಧ್ಯಾಹ್ನ, ಅವಳು ಗೇಟೊಂದಕ್ಕೆ ಬೆಸುಗೆ ಹಾಕುತ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು.

“ನೋಡಬೇಡಿ, ಆ ಕಡೆ ತಿರುಗಿ,” ಅಂತ ಕೂಗಿ ಅವಳು ಕೆಲಸ ಮುಂದುವರಿಸಿದಳು. ಸಾಲು ಮುಗಿಸಿ ಮುಖಕ್ಕೆ ಹಾಕಿದ್ದ ಕಪ್ಪು ಗಾಜಿನ ಶೀಲ್ಡ್ ಎತ್ತಿದರೆ ಎದುರಿಗೆ ನಿತೀಶ್. ಆ ಕಡೆ ತಿರುಗಿರಲೇ ಇಲ್ಲ.

“ನೋಡಬೇಡಿ ಅಂದ್ನಲ್ಲ.”

“ಕೇಳಿಸ್ತು.”

“ಮತ್ತೆ?”

“ಕೇಳಿಸ್ತು ಅಂದೆ. ಆಗಲಿಲ್ಲ.”

ಅವಳು ಸುತ್ತಿಗೆಯಿಂದ ಬೆಸುಗೆಯ ಮೇಲಿನ ಕಪ್ಪು ಸಿಪ್ಪೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿ ಉದುರಿಸಿದಳು. “ಹುಡುಗೀರು ಹ್ಯಾಗೆ ವೆಲ್ಡಿಂಗ್ ಮಾಡ್ತಾರೆ ಅಂತ ನೋಡೋಕೆ ಬಂದ್ರಾ?”

“ಅಲ್ಲ ಮಾರಾಯ್ರೆ. ಅವತ್ತು ಮಾಲೀಕರು ಬೆನ್ನ ಹಿಂದೆ ಇದ್ರು. ಇವತ್ತು ಹೇಳೋಣ ಅಂತ. ನಿನ್ನೆ ಶೃಂಗೇರಿಗೆ ಹೋಗಿ ಆ ಎಂಜಿನಿಯರನ್ನ ಕೇಳಿ ಬಂದೆ.”

“ನನಗೋಸ್ಕರ ಶೃಂಗೇರಿಗಾ?”

“ದೇವಸ್ಥಾನಕ್ಕೂ ಹೋಗಿದ್ದೆ,” ಎಂದ. ಸುಳ್ಳು ಹೇಳಿದಾಗ ಕಿವಿ ಕೆಂಪಾಗುತ್ತದೆ ಇವನಿಗೆ ಎಂದು ಸುಮನಾ ಗುರುತಿಟ್ಟುಕೊಂಡಳು.

ಮೂಲೆಯಲ್ಲಿ ಬೀಡಿ ಹಚ್ಚಿಕೊಂಡಿದ್ದ ಬೈರಪ್ಪ, “ಕೂತ್ಕೊಂಡು ಹೇಳು ಮಾರಾಯ,” ಎಂದು ಖಾಲಿ ಡಬ್ಬಿಯೊಂದನ್ನು ಕಾಲಲ್ಲಿ ತಳ್ಳಿದ.

ನಿತೀಶ್ ಡಬ್ಬಿಯ ಮೇಲೆ ಕೂತ. “ನಮ್ಮ ಡಿಪ್ಲೊಮಾ ಅರವತ್ತು ಸಾವಿರ. ಚಿನ್ನದ ಬಣ್ಣದ ಸೀಲಿರುತ್ತೆ. ಎಂಜಿನಿಯರ್ ಅದನ್ನ ನೋಡಿ ‘ಚೆನ್ನಾಗಿದೆ’ ಅಂತ ವಾಪಸ್ ಕೊಡ್ತಾರೆ. ಹೋಲ್ಡರ್ ಹಿಡಿಯೋದನ್ನೇ ಕಲೀಬೇಕು ಅನ್ನೋ ಹುಡುಗರಿಗೆ ಅಷ್ಟಿಷ್ಟು ಉಪಯೋಗ. ನಿಮಗೆ ಎಂತಕ್ಕೆ?”

“ಐಟಿಐ?”

“ಅದು ಒಳ್ಳೇದು. ಫೀಸೂ ಕಡಿಮೆ. ರೈಲ್ವೆಯಿಂದ ಹಿಡಿದು ಎಲ್ಲಿ ಅರ್ಜಿ ಹಾಕಿದ್ರೂ ನಡೆಯುತ್ತೆ, ಸಾಯೋತನಕ. ಆದರೆ ಒಂದು ವರ್ಷ ಕೂತು ಓದಬೇಕು. ಒಂದು ವರ್ಷ ದುಡಿಮೆ ಬಿಟ್ಟಿದ್ದೂ ಖರ್ಚೇ ಅಲ್ವಾ? ನಿಮ್ಮ ಸಂಕ ಅಲ್ಲೀತನಕ ಕಾಯಲ್ಲ.”

“ಕೆಲಸ ಗೊತ್ತಿರೋರನ್ನ ನೋಡಿ ಸರ್ಕಾರದವರು ಎಂತದೋ ಕಾರ್ಡ್ ಕೊಡ್ತಾರಂತಲ್ಲ?” ಅಂದ ಬೈರಪ್ಪ.

“ಅದನ್ನೂ ತಗೊಳ್ಳಿ, ಬ್ಯಾಂಕಲ್ಲಿ ಲೋನ್ ಕೇಳೋವಾಗ ಬೇಕಾಗುತ್ತೆ. ಸಂಕಕ್ಕೆ ಅದೂ ಸಾಲಲ್ಲ. ಸಂಕಕ್ಕೆ ಬೇಕಾದ್ದು ಪ್ಲೇಟ್ ಟೆಸ್ಟ್. ಶಿವಮೊಗ್ಗದ ಲ್ಯಾಬಲ್ಲಿ ಮಾಡ್ತಾರೆ. ಏಳೆಂಟು ಸಾವಿರದೊಳಗೆ ಮುಗಿಯುತ್ತೆ. ಎಂತದೂ ಕಲಿಸಲ್ಲ, ಬರೀ ಪರೀಕ್ಷೆ. ನೆಟ್ಟಗೆ ನಿಲ್ಲಿಸಿದ ಎರಡು ಕಬ್ಬಿಣದ ಪ್ಲೇಟ್ ಕೊಡ್ತಾರೆ, ನೀವು ಕೆಳಗಿಂದ ಮೇಲಕ್ಕೆ ಬೆಸೀಬೇಕು. ಅದನ್ನ ಪಟ್ಟಿ ಪಟ್ಟಿ ಕತ್ತರಿಸಿ ಬಾಗಿಸ್ತಾರೆ. ಬಿರುಕು ಬಂತೋ, ಮನೆಗೆ.”

“ಬರದಿದ್ರೆ?”

“ನಿಮ್ಮ ಹೆಸರಲ್ಲಿ ಸರ್ಟಿಫಿಕೇಟ್. ಆಮೇಲೆ ನಿಮಗೇ ಅಂತ ಒಂದು ನಂಬರು. ಸಂಕದಲ್ಲಿ ಬೆಸೆದ ಕಡೆಯೆಲ್ಲ ಪಕ್ಕದಲ್ಲಿ ಆ ನಂಬರನ್ನ ಕಬ್ಬಿಣಕ್ಕೆ ಒತ್ತಬೇಕು. ನಾಳೆ ಯಾರು ಕೇಳಿದ್ರೂ ಇದು ಸುಮನಾ ಮಾಡಿದ್ದು ಅಂತ ಗೊತ್ತಾಗಬೇಕು, ಹಾಗೆ.”

ಅವಳ ಕೈಯಿಂದ ಸುತ್ತಿಗೆ ಕೆಳಗೆ ಇಳಿಯಿತು. ಇಷ್ಟು ದಿನ ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಆಸೆಯನ್ನು ಈ ಹುಡುಗ ಎಣ್ಣೆ ಡಬ್ಬಿಯ ಮೇಲೆ ಕೂತು ಆರಾಮಾಗಿ ಹೇಳಿಬಿಟ್ಟಿದ್ದ.

“ಒಂದು ತೊಂದರೆ ಇದೆ,” ಅಂದ ಅವನು. “ಆರು ತಿಂಗಳು ಹೋಲ್ಡರ್ ಮುಟ್ಟದೆ ಕೂತ್ರೆ ಈ ಸರ್ಟಿಫಿಕೇಟ್ ಸತ್ತ ಹಾಗೆ.”

“ಅವಳು ಆರು ದಿನ ಮುಟ್ಟದೆ ಇದ್ರೆ ಜ್ವರ ಬರುತ್ತೆ,” ಅಂದ ಬೈರಪ್ಪ.

ಮಾರನೇ ಬೆಳಿಗ್ಗೆ ಅವನ ಫೋನು. “ಸುಮನಾ ಅವ್ರೇ, ಕಣ್ಣಲ್ಲಿ ಮರಳು ತುಂಬಿದ ಹಾಗಿದೆ. ನೀರು ನಿಲ್ತಿಲ್ಲ.”

“ನೋಡಬೇಡಿ ಅಂದಿದ್ದೆ.”

“ಹೌದು.”

“ಎಷ್ಟು ಹೊತ್ತು ನೋಡಿದ್ರಿ?”

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಬಂತು. ಬೆಸುಗೆಯ ಬೆಳಕನ್ನು ಬರಿಗಣ್ಣಲ್ಲಿ ನೋಡಿದವರಿಗೆ ಮರುದಿನ ಹೀಗಾಗುವುದು ಹೊಸದಲ್ಲ. ಆದರೆ ಅಷ್ಟಾಗಬೇಕಾದರೆ ಅವನು ಬಂದು ನಿಂತದ್ದು ಅವಳಿಗೆ ತಿಳಿಯುವ ಎಷ್ಟೋ ಮೊದಲೇ ಇರಬೇಕು. ಹಾಗನಿಸಿ ಅವಳ ಕೆನ್ನೆ ಬೆಚ್ಚಗಾಯಿತು.

ಅಜ್ಜಿ ನಂದಿಬಟ್ಟಲ ಹೂ ಬಿಡಿಸಿ ಬಾಳೆಲೆಯಲ್ಲಿ ಕಟ್ಟಿಕೊಟ್ಟಳು. ಸೆಂಟರಿನಲ್ಲಿ ಮಾಲೀಕರಿರಲಿಲ್ಲ. ನಿತೀಶ್ ಕುರ್ಚಿಗೆ ತಲೆಯಾನಿಸಿ ಕೂತಿದ್ದ, ಕಣ್ಣೆರಡೂ ಕೆಂಡ. ಡಾಕ್ಟರ್ ಕೊಟ್ಟ ಡ್ರಾಪ್ಸ್ ಮೇಜಿನ ಮೇಲಿತ್ತು.

“ಡ್ರಾಪ್ಸ್ ಹಾಕ್ಕೊಂಡಾಯ್ತಲ್ಲ, ಇನ್ನು ಕಣ್ಣು ಮುಚ್ಚಿ,” ಎಂದು ಅವಳು ರೆಪ್ಪೆಗಳ ಮೇಲೆ ತಣ್ಣನೆಯ ಹೂ ಇಟ್ಟಳು. “ಮಾತಾಡಬೇಡಿ. ಹೂ ಬಿದ್ದುಹೋಗುತ್ತೆ.”

ಈಗ ನೋಡುವ ಸರದಿ ಅವಳದು. ಬಿಳಿ ಹೂಗಳ ಕೆಳಗೆ ಅವನ ಮೂಗು, ಬೆಳಿಗ್ಗೆ ಅರ್ಧಂಬರ್ಧ ಬೋಳಿಸಿಕೊಂಡ ಗಡ್ಡ, ನಗಬಾರದೆಂದು ಬಿಗಿಹಿಡಿದ ತುಟಿ. ಯಾರ ಹೆದರಿಕೆಯೂ ಇಲ್ಲದೆ ಮನಸಾರೆ ನೋಡಿದಳು. ಅವನ ಅಂಗಿಯಿಂದ ಹೊಗೆಯ ವಾಸನೆ ಬರುತ್ತಿತ್ತು. ಮಳೆಗಾಲದಲ್ಲಿ ಈ ಸೀಮೆಯ ಯಾರ ಅಂಗಿಯಾದರೂ ಒಲೆಯ ಮೇಲೇ ಒಣಗಬೇಕಲ್ಲ. ಆದರೆ ಈ ಹೊಗೆಯಲ್ಲಿ ಏನೋ ಸಿಹಿ ಇತ್ತು.

“ಎಂತ ವಾಸನೆ ಇದು? ಪಾಯಸದ್ದಾ?”

“ಏಲಕ್ಕಿ ಸಿಪ್ಪೆ. ನಮ್ಮೂರು ಕಡಹಿನಬೈಲಲ್ಲಿ ಅಮ್ಮ ಅದನ್ನ ಬಚ್ಚಲೊಲೆಗೆ ಹಾಕ್ತಾಳೆ. ಮೇಲೆ ಅಟ್ಟದಲ್ಲಿ ಇಟ್ಟಿದ್ದಕ್ಕೆಲ್ಲ ಆ ವಾಸನೆ.” ಸ್ವಲ್ಪ ತಡೆದು, “ನೀವು ನನ್ನನ್ನೇ ನೋಡ್ತಿದೀರಿ,” ಅಂದ.

“ಇಲ್ಲ. ಗೋಡೆ ನೋಡ್ತಿದೀನಿ.”

“ಗೋಡೆ ಇಷ್ಟು ಹತ್ತಿರ ಉಸಿರಾಡುತ್ತಾ?”

ಒಂದು ಹೂ ಜಾರಿ ಅವನ ಜೇಬಿಗೆ ಬಿತ್ತು. ಅದನ್ನು ತೆಗೆಯಲು ಇಬ್ಬರೂ ಕೈ ಹಾಕಲಿಲ್ಲ.

ಟೆಸ್ಟಿಗೆ ದಿನ ಗೊತ್ತಾಯಿತು. ಈ ಟೆಸ್ಟಿಗೆ ಬೇಕಾದ, ಕರಗಿ ಬೆಸುಗೆಯಾಗುವ ರಾಡು ಶೆಡ್ಡಿನಲ್ಲಿ ದಿನಾ ಸುಡುವ ಸಾಮಾನ್ಯ ರಾಡಲ್ಲ, ಬೇರೆಯೇ ಜಾತಿಯದು. ಕೊಪ್ಪದಲ್ಲಿ ಸಿಗಲಿಲ್ಲ. ನಿತೀಶ್ ರಜೆ ಹಾಕಿ ಬೈಕಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಒಂದು ಪ್ಯಾಕೆಟ್ ತಂದ. ನಾಲ್ಕು ದಿನ ಬಿಟ್ಟು, ಚೆನ್ನಾಗಿ ಟೇಪು ಸುತ್ತಿ, ಅವಳ ಕೈಗೆ ಕೊಟ್ಟ.

“ತಡ ಆಯ್ತು.”

“ಪರವಾಗಿಲ್ಲ,” ಅಂದಳು. ಬೇರೆ ಹುಡುಗಿಯರಿಗೆ ಚಾಕಲೇಟು ಕೊಡುತ್ತಾರೆ, ತನಗೆ ಐದು ಕಿಲೋ ವೆಲ್ಡಿಂಗ್ ರಾಡು. ಅವಳು ಆ ಪ್ಯಾಕೆಟ್ಟನ್ನು ಎದೆಗವಚಿಕೊಂಡು ಬಂದದ್ದನ್ನು ಕಂಡು ಬೈರಪ್ಪ ಮುಖ ತಿರುಗಿಸಿ ನಕ್ಕ.

ಶೆಡ್ಡಿನಲ್ಲೇ ಅಭ್ಯಾಸಕ್ಕೆಂದು ಅವಳು ಬೆಸೆದಳು. ಉಸಿರು ಹಿಡಿದು, ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಪದರ. ಮುಗಿದ ಸಾಲು ಜಡೆ ಹೆಣೆದ ಹಾಗೆ ಬಂದಿತ್ತು. ಬೈರಪ್ಪ ಬೆರಳಿನಿಂದ ತಡವಿ, “ಇದಕ್ಕೆ ದೃಷ್ಟಿ ತೆಗೀಬೇಕು,” ಅಂದ. ಪಟ್ಟಿ ಕತ್ತರಿಸಿ, ಲಾರಿ ಜ್ಯಾಕಿನಿಂದ ತಾವೇ ಮಾಡಿಕೊಂಡ ಚೌಕಟ್ಟಿಗೆ ಇಟ್ಟು ಒತ್ತಿದರು. ಪಟ್ಟಿ ಬಾಗಿತು. ಇನ್ನೂ ಬಾಗಿತು. ಆಮೇಲೆ ನಡುವೆ ಒಂದು ಸಣ್ಣ ಬಾಯಿ ತೆರೆಯಿತು.

ಇನ್ನೊಂದು ಪಟ್ಟಿ ಒತ್ತಿದರು. ಅದೂ ಬಾಯಿ ಬಿಟ್ಟಿತು.

“ಇನ್ನೊಂದ್ಸಲ ಹಾಕು,” ಅಂದ ಬೈರಪ್ಪ. ಹಾಕಿದಳು. ಮತ್ತೆ ಬಿರಿಯಿತು. ಆರು ವರ್ಷ ತನ್ನದೆಂದು ನಂಬಿದ್ದ ಕೈಯನ್ನು ಅವಳು ಯಾರದೋ ಕೈ ನೋಡುವ ಹಾಗೆ ನೋಡಿದಳು.

ಮನೆಗೆ ಹೋಗಿ ಮುಖ ಮುಚ್ಚಿಕೊಂಡು ಮಲಗಿದಳು. ಬೆಳಿಗ್ಗೆ ಬ್ಯಾಗು ಸರಿಸಿಡುತ್ತಿದ್ದ ಅಜ್ಜಿ, “ಇದೆಂತದೇ ಮಗಾ, ನಿನ್ನ ಕಬ್ಬಿಣದ ಕಡ್ಡಿ ಘಮಘಮ ಅಂತಿದೆ?” ಅಂದಳು. ಸುಮನಾ ಕೇಳಿಸಿಕೊಂಡಳೇ ಹೊರತು ಲಕ್ಷ್ಯ ಕೊಡಲಿಲ್ಲ. ಮೆಷಿನ್ನಿಗೆ ಕೂಡಿಟ್ಟ ದುಡ್ಡು ತೆಗೆದು ಅದೇ ಬ್ಯಾಗಿಗೆ ಹಾಕಿಕೊಂಡು ಕೊಪ್ಪದ ಬಸ್ಸು ಹತ್ತಿದಳು.

“ಸೇರಿಸ್ಕೊಳ್ಳಿ,” ಎಂದು ದುಡ್ಡಿನ ಕವರನ್ನು ನಿತೀಶನ ಮುಂದಿಟ್ಟಳು. “ನನ್ನ ಬೆಸುಗೆ ಬಿರಿದುಹೋಯ್ತು. ಚಿನ್ನದ ಸೀಲಿಂದೇ ಕೊಡಿ. ಅದನ್ನ ಯಾರೂ ಬಾಗಿಸಿ ನೋಡಲ್ಲ.”

ಗಾಜಿನ ಬಾಗಿಲು ತೆರೆದು ಶಾಂತವೀರಪ್ಪ ನಗುಮುಖದಿಂದ ಹೊರಬಂದ. “ಬನ್ನಿ ಬನ್ನಿ. ನಿತೀಶ್, ಫಾರಂ ತೆಗಿ.”

ನಿತೀಶ್ ಅವಳನ್ನು ನೋಡಿದ. ಅತ್ತು ಊದಿದ ಕಣ್ಣು. ಆಮೇಲೆ ಮಾಲೀಕನನ್ನು ನೋಡಿದ. ಎದ್ದು ನಿಂತ.

“ಇವರಿಗೆ ಇದು ಬೇಡ ಸರ್. ಇದರಿಂದ ಇವರಿಗೆ ಎಂತ ಉಪಯೋಗನೂ ಇಲ್ಲ. ಮೊದಲನೇ ದಿನವೇ ನಾನು ಹೇಳಬೇಕಿತ್ತು, ನಿಮಗೆ ಹೆದರಿ ಹೇಳಲಿಲ್ಲ.”

“ನಾಳೆಯಿಂದ ನೀನು ಬರೋದು ಬೇಡ,” ಅಂದ ಶಾಂತವೀರಪ್ಪ. ನಗು ಮುಖದಲ್ಲೇ ಒಣಗಿ ಹೋಗಿತ್ತು.

“ಸರಿ ಸರ್.” ನಿತೀಶ್ ಕವರನ್ನು ಅವಳ ಬ್ಯಾಗಿಗೆ ವಾಪಸ್ ಹಾಕಲು ಬಗ್ಗಿದ. “ನಿಮ್ಮ ಕೈ ಸರಿ ಇದೆ. ಬೇರೆ ಎಂತದೋ ಆಗಿದೆ. ನೋಡೋಣ.”

ಅವನು ಅಷ್ಟು ಹತ್ತಿರ ಬಗ್ಗಿದಾಗ ಅಂಗಿಯ ವಾಸನೆ ಬಂತು. ಹೊಗೆ, ಹೊಗೆಯೊಳಗೆ ಏಲಕ್ಕಿ. ಅದೇ ಗಳಿಗೆಯಲ್ಲಿ ತೆರೆದ ಬ್ಯಾಗಿನೊಳಗಿಂದಲೂ ಅದೇ ವಾಸನೆ. ಸುಮನಾ ಅಲುಗಾಡದೆ ಕೂತಳು. ನಿಧಾನವಾಗಿ ಉಳಿದ ರಾಡೊಂದನ್ನು ಹೊರತೆಗೆದು ಮೂಸಿದಳು. ಆಮೇಲೆ ಅವನ ತೋಳಿನ ಹತ್ತಿರ ಮೂಸಿದಳು. ಶಾಂತವೀರಪ್ಪ ಎರಡು ಹೆಜ್ಜೆ ಹಿಂದೆ ಸರಿದ.

“ನಿತೀಶ್, ನಿಜ ಹೇಳಿ. ಈ ರಾಡನ್ನ ಎಲ್ಲಿಟ್ಟಿದ್ರಿ?”

“ಬರುವಾಗ ಲಕ್ಕವಳ್ಳಿ ದಾಟಿದ ಮೇಲೆ ಮಳೆ ಹಿಡೀತು. ಪ್ಯಾಕೆಟ್ ಪೂರ್ತಿ ನೆಂದುಹೋಯ್ತು. ಹಾಗೇ ಕೊಡೋದು ಹೇಗೆ ಅಂತ…”

“ಅಂತ?”

“ಅಟ್ಟದ ಮೇಲೆ ಒಣಗಿಸಿದೆ. ಅಡಿಕೆ ಪಕ್ಕದಲ್ಲೇ. ದಿನಾ ಎರಡು ಸಲ ತಿರುಗಿಸಿ ಹಾಕ್ತಿದ್ದೆ. ಯಾಕೆ, ಸರಿಯಾಗಿ ಒಣಗಿರಲಿಲ್ವಾ?”

ಅವಳಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ ತಿಳಿಯಲಿಲ್ಲ. ತಪ್ಪು ಅವನೊಬ್ಬನದಲ್ಲ. ಈ ಸೀಮೆಯಲ್ಲಿ ನೆಂದದ್ದು ಏನೇ ಇದ್ದರೂ ಬಚ್ಚಲೊಲೆಯ ಅಟ್ಟ ಹತ್ತಬೇಕು, ಅಡಿಕೆಯಾಗಲಿ, ಕಂಬಳಿಯಾಗಲಿ, ಶಾಲೆಯ ಬೂಟಾಗಲಿ. ಬೈರಪ್ಪನೂ ತನ್ನ ಸಾಮಾನ್ಯ ರಾಡುಗಳನ್ನು ಹಾಗೇ ಒಣಗಿಸುತ್ತಿದ್ದ, ಗೇಟುಗಳು ಗಟ್ಟಿಯಾಗೇ ಬರುತ್ತಿದ್ದವು. ಆದರೆ ಈ ಜಾತಿಯ ರಾಡಿನ ಲೇಪ ಒಮ್ಮೆ ನೀರು ಕುಡಿದರೆ ಮುಗಿಯಿತು, ಬೆಸುಗೆ ಮೇಲೆ ಚೆಂದ ಕಂಡು ಒಳಗೆ ಬಿರಿಯುತ್ತದೆ. ಅದು ಅವಳಿಗೆ ಗೊತ್ತಿತ್ತು. ಅವನು ಕೊಟ್ಟದ್ದೆಂಬ ಸಂಭ್ರಮದಲ್ಲಿ ಕಣ್ಣಿಗೂ ಮೂಗಿಗೂ ಪರದೆ ಬಿದ್ದಿತ್ತು.

“ಮಾರಾಯ್ರೆ, ಇದು ಹಪ್ಪಳ ಅಲ್ಲ,” ಅಂದಳು ಕಣ್ಣೊರೆಸಿಕೊಳ್ಳುತ್ತ. “ಇದನ್ನ ಎಸೀಬೇಕು. ಹೊಸ ಪ್ಯಾಕೆಟ್ ತಂದು ಓವನ್ನಲ್ಲಿ ಕಾಯಿಸಬೇಕು. ಮುನ್ನೂರು ಡಿಗ್ರಿ ದಾಟಬೇಕು.”

“ಹಾಗಾದ್ರೆ ನಿಮ್ಮ ಕೈ?”

“ನನ್ನ ಕೈಗೆ ಎಂತದೂ ಆಗಿಲ್ಲ,” ಅಂದಳು. ಹಾಗೆ ಹೇಳುವಾಗ ಮೈಯಲ್ಲಿ ಹೊಸ ರಕ್ತ ಹರಿದಂತಾಯಿತು.

ಕೆಲಸ ಹೋದವನಿಗೆ ಮೊದಲ ದಿನವೇ ಕೈತುಂಬ ಕೆಲಸ. ಹೊಸ ಪ್ಯಾಕೆಟ್ಟನ್ನು ಈ ಸಲ ಹಾಲಿನ ಕ್ಯಾನಿನೊಳಗೆ ಇಟ್ಟು, ಮುಚ್ಚಳ ಬಿಗಿದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಅಷ್ಟು ಬಿಸಿಯ ಓವನ್ ಎಲ್ಲಿದೆಯೆಂದು ಅವಳು ತಲೆ ಕೆಡಿಸಿಕೊಂಡಿದ್ದಾಗ ಅವನು ನೇರ ಹೋಗಿ ಬೇಕರಿ ರೇಣುಕಪ್ಪನ ಮುಂದೆ ನಿಂತ. ರೇಣುಕಪ್ಪನದು ಹಳೆಯ ಸೌದೆ ಒಲೆಯ ಬೇಕರಿ.

“ನನ್ನ ಒಲೇಲಿ ಕಬ್ಬಿಣನಾ?” ಅಂದ ರೇಣುಕಪ್ಪ. “ನಾಳೆ ಬನ್ನಲ್ಲಿ ಮೊಳೆ ಸಿಕ್ತು ಅಂತ ಜನ ಬಂದ್ರೆ?”

“ಹಿರೇಕೊಡಿಗೆ ಸಂಕಕ್ಕೆ ಕಣಣ್ಣ. ನಿಮ್ಮ ಅತ್ತೆ ಮನೆಗೂ ಅದೇ ದಾರಿ.”

“ಅದು ಆಗದಿದ್ರೇ ನಂಗೆ ಒಳ್ಳೇದಿತ್ತು,” ಎನ್ನುತ್ತ ರೇಣುಕಪ್ಪ ಟ್ರೇ ಎತ್ತಿಕೊಟ್ಟ. ಸೌದೆ ಒಟ್ಟಿ, ಬೈರಪ್ಪ ತಂದ ಬಿಸಿ ಅಳೆಯುವ ಮೀಟರು ಮುನ್ನೂರೈವತ್ತು ತೋರಿಸುವ ತನಕ ಕಾಯಿಸಿ, ರಾಡುಗಳನ್ನು ಒಳಗೆ ಮಲಗಿಸಿದರು. ಒಲೆಯ ಬಾಯಿ ಕಾಯುತ್ತ ಇಬ್ಬರೂ ಮೈದಾ ಚೀಲಗಳ ಮೇಲೆ ಕೂತರು.

“ಕೆಲಸ ಕಳಕೊಂಡ್ರಿ,” ಅಂದಳು ಸುಮನಾ.

“ಅವತ್ತು ಬಾಯಿ ಮುಚ್ಕೊಂಡು ಕೂತಿದ್ನಲ್ಲ, ಅದು ಹೆಚ್ಚು ಕಷ್ಟ ಆಗಿತ್ತು.” ಅವನ ಮುಂಗೂದಲಿನ ಮೇಲೆ ಹಿಟ್ಟು ಬಿದ್ದು ಮುದುಕನಂತೆ ಕಾಣುತ್ತಿದ್ದ. ಮುದುಕನಾದಾಗ ಹೀಗೇ ಇರುತ್ತಾನೆ ಎಂದು ಸುಮನಾಳಿಗೆ ಹೊಳೆಯಿತು. ಅದನ್ನು ತಾನು ನೋಡಬೇಕು ಎಂದೂ.

ಬಿಸಿ ರಾಡು ಶೆಡ್ಡಿಗೆ ಬಂದಾಗ ಬೈರಪ್ಪ ಮೂಗರಳಿಸಿದ. “ಮೊದಲು ಏಲಕ್ಕಿ, ಈಗ ಬನ್ನು. ನಿಮ್ಮ ಪ್ರೀತಿ ಮುಗಿಯೋದ್ರೊಳಗೆ ನಾನು ಹಲ್ವಾದಲ್ಲೂ ವೆಲ್ಡಿಂಗ್ ಮಾಡಿರ್ತೀನಿ.”

ಪ್ರೀತಿ ಎಂಬ ಮಾತನ್ನು ಮೊದಲು ಆಡಿದವನು ಹೀಗೆ ಬೈರಪ್ಪ. ಇಬ್ಬರೂ ಅದು ಕೇಳಿಸಲಿಲ್ಲವೆಂಬಂತೆ ಬೇರೆ ಬೇರೆ ಮೂಲೆ ನೋಡಿದರು. ಅವತ್ತು ಒತ್ತಿದ ಪಟ್ಟಿ ಬಿರಿಯಲಿಲ್ಲ.

ಶಿವಮೊಗ್ಗದ ಲ್ಯಾಬಿನಲ್ಲಿ ಅಂದು ಟೆಸ್ಟಿಗೆ ಬಂದವರಲ್ಲಿ ಹುಡುಗಿ ಅವಳೊಬ್ಬಳೇ. ಪಕ್ಕದವನು, “ಯಾರ ಜೊತೆ ಬಂದಿದೀಯಮ್ಮ?” ಅಂದ. “ನನ್ನ ಶೀಲ್ಡ್ ಜೊತೆ,” ಅಂದಳು. ರಾಡು ಅಲ್ಲಿನವರೇ ಓವನ್ನಿನಿಂದ ತೆಗೆದು ಕೊಟ್ಟರು, ಯಾವ ಪರಿಮಳವೂ ಇರಲಿಲ್ಲ. ಅದೊಂದು ಕೊರತೆಯೆನಿಸಿತು ಅವಳಿಗೆ.

ಶೀಲ್ಡಿನೊಳಗೆ ಕತ್ತಲಾಯಿತು. ಕಿಡಿ ಹತ್ತಿತು. ಕತ್ತಲಲ್ಲಿ ಒಂದೇ ಒಂದು ಹೊಳೆವ ಹನಿ, ಅವಳ ಕೈ ಹೇಳಿದಂತೆ ಮೇಲೇರುತ್ತಿತ್ತು. ಅಜ್ಜಿಯ ಹುಡುಗಿ ಸೂರ್ಯನ ನೂಲಿನಲ್ಲಿ ಏನು ಹೊಲಿಯುತ್ತಿದ್ದಳು ಎಂದು ಸುಮನಾ ಎಂದೂ ಕೇಳಿರಲಿಲ್ಲ. ಈಗ ಕೇಳಬೇಕಾಗಿಯೂ ಇರಲಿಲ್ಲ. ಎರಡು ದಡಗಳನ್ನು ಹೊಲಿಯುತ್ತಿದ್ದಿರಬೇಕು.

ಪಟ್ಟಿಗಳನ್ನು ಕತ್ತರಿಸಿ ಪ್ರೆಸ್ಸಿಗೆ ಇಟ್ಟರು. ಪಟ್ಟಿ ಬಿಲ್ಲಿನಂತೆ ಬಾಗಿತು, ಲಾಳದಂತೆ ಬಾಗಿತು. ಅವಳ ಹೊಲಿಗೆ ಹೊರಮೈಗೆ ಹಿಗ್ಗಿ, ಹೊಳೆದು,  ಹಾಗೇ ನಿಂತಿತು. ಪರೀಕ್ಷೆ ಮಾಡುವವರು ಅದನ್ನು ಬೆಳಕಿಗೆ ಹಿಡಿದು ಉಗುರಿನಿಂದ ಗೀರಿ ನೋಡಿದರು. ಇನ್ನೊಂದನ್ನೂ ಬಾಗಿಸಿ ನೋಡಿದರು. ಕೊನೆಗೆ ಕನ್ನಡಕ ತೆಗೆದರು.

“ಹೆಸರು ಇನಿಷಿಯಲ್ ಸಮೇತ ಹೇಳಮ್ಮ. ತಪ್ಪಿಲ್ಲದ ಹಾಗೆ ಬರೀಬೇಕಲ್ಲ.”

ಅವಳು ಹೇಳಿದಳು. ಅವರು ಬರೆದದ್ದನ್ನು ಮೇಜಿನ ಮೇಲೆ ಬಗ್ಗಿ ಓದಿ ನೋಡಿದಳು.

ಗೇಟಿನ ಹೊರಗೆ ನಿತೀಶ್ ಬುತ್ತಿಚೀಲ ಹಿಡಿದು ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ಅವಳು ಲ್ಯಾಬಿನವರನ್ನು ಕೇಳಿ ತಂದಿದ್ದ ಬಾಗಿದ ಪಟ್ಟಿಯನ್ನು ಅವನ ಅಂಗೈಗಿಟ್ಟಳು. ಅದಿನ್ನೂ ಉಗುರುಬೆಚ್ಚಗಿತ್ತು. ಅವನು ತಿರುವಿ ತಿರುವಿ ನೋಡಿದ.

“ಎಲ್ಲೂ ಬಿಟ್ಟಿಲ್ಲ,” ಅಂದ ಮೆಲ್ಲಗೆ.

“ಎಲ್ಲೂ ಬಿಟ್ಟಿಲ್ಲ.”

“ಸುಮನಾ, ನಾನು ನಿಮಗೆ ಒಂದು ವಿಷಯ…”

“ಈಗ ಬೇಡ,” ಎಂದು ಅವಳು ಬುತ್ತಿಚೀಲ ಕಸಿದುಕೊಂಡಳು. ಕಣ್ಣಲ್ಲಿ ತುಂಟತನ ಕುಣಿಯುತ್ತಿತ್ತು. “ನನಗೆ ಹಸಿವಾಗಿದೆ. ಸಂಕ ಮುಗೀಲಿ, ಆಮೇಲೆ ಹೇಳಿ.”

“ಅಷ್ಟು ದಿನ ನಾನು ಎಂತ ಮಾಡಲಿ?”

“ನೋಡ್ತಾ ಇರಿ. ಅದು ನಿಮಗೆ ಚೆನ್ನಾಗಿ ಬರುತ್ತಲ್ಲ.”

ಸುದ್ದಿ ಅವಳಿಗಿಂತ ಮೊದಲೇ ಕೊಪ್ಪ ಮುಟ್ಟಿತ್ತು. ಮೇಗುಂದದಿಂದ, ಶೃಂಗೇರಿಯಿಂದ, ನರಸಿಂಹರಾಜಪುರದಿಂದ ಹುಡುಗ ಹುಡುಗಿಯರು ಸೆಂಟರಿನ ಮೆಟ್ಟಿಲು ಹತ್ತಿ, “ಆ ಸುಮನಾ ಅಂತ ಇದಾರಲ್ಲ, ಅವರು ಮಾಡಿದ ಟೆಸ್ಟಿಗೆ ತಯಾರಿ ಮಾಡಿಸ್ತೀರಾ?” ಎಂದು ಕೇಳತೊಡಗಿದರು. ಶಾಂತವೀರಪ್ಪ ಅವಳ ಫೋಟೋ ಹಾಕಿ ‘ನಮ್ಮ ಹೆಮ್ಮೆಯ ವಿದ್ಯಾರ್ಥಿನಿ’ ಎಂಬ ಬ್ಯಾನರ್ ಬರೆಸಲು ಒಪ್ಪಿಗೆ ಕೇಳಿಕೊಂಡು ಶೆಡ್ಡಿಗೇ ಬಂದ.

“ನನ್ನನ್ನ ನೀವು ಸೇರಿಸ್ಕೊಳ್ಳಲೇ ಇಲ್ಲವಲ್ಲ ಸರ್,” ಅಂದಳು ಸುಮನಾ ವಿನಯದಿಂದ. “ನಿಮ್ಮ ಕೌನ್ಸೆಲರ್ ಬೇಡ ಅಂದುಬಿಟ್ರು.”

ಶಾಂತವೀರಪ್ಪನೇ ಕರೆದದ್ದರಿಂದ ಆ ವಾರವೇ ನಿತೀಶ್ ಕುರ್ಚಿಗೆ ವಾಪಸ್ ಬಂದ, ತನ್ನ ಷರತ್ತಿನ ಮೇಲೆ. ಯಾವ ಸರ್ಟಿಫಿಕೇಟಿಗೆ ಎಷ್ಟು ಖರ್ಚು, ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ. ಟೆಸ್ಟಿನ ತಯಾರಿಗೆ ಪಾಠ ಹೇಳಲು ಬೈರಪ್ಪ ಬಂದ, ಇಸ್ತ್ರಿ ಹಾಕಿದ ಅಂಗಿಯಲ್ಲಿ, ಪೊರೆ ತೆಗೆಸಿದ ಹೊಸ ಕಣ್ಣಲ್ಲಿ.

ಹಳ್ಳದ ನೀರು ಇಳಿದ ಮೇಲೆ ಸಂಕದ ಕೆಲಸ ಶುರುವಾಯಿತು. ಶೃಂಗೇರಿಯ ಎಂಜಿನಿಯರ್ ವಿದ್ಯಾಶಂಕರ ಒಂದೊಂದು ಬೆಸುಗೆಯನ್ನೂ ಟಾರ್ಚು ಹಾಕಿ ನೋಡಿ, ಏನೂ ಹೇಳದೆ ಮುಂದಿನದಕ್ಕೆ ಹೋಗುತ್ತಿದ್ದರು. ಅವರು ಏನೂ ಹೇಳದಿರುವುದೇ ದೊಡ್ಡ ಹೊಗಳಿಕೆಯೆಂದು ಬೈರಪ್ಪ ಸಾರಿಕೊಂಡು ಬಂದ.

ಕೊನೆಯ ಬೆಸುಗೆಯ ದಿನ ಅಜ್ಜಿ ದಂಡೆಯ ಬಂಡೆಯ ಮೇಲೆ ಎಲೆಯಡಿಕೆ ಚೀಲ ಸಮೇತ ಬಂದು ಕೂತಳು. ನಿತೀಶ್ ಸಂಕದ ಹಲಗೆಯ ಮೇಲೆ ನಡೆದು ಬಂದ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

“ನೋಡಬೇಡಿ, ಆ ಕಡೆ ತಿರುಗಿ,” ಅಂದಳು ಸುಮನಾ, ಅಭ್ಯಾಸದಿಂದ.

“ಇವತ್ತು ತಿರುಗಲ್ಲ.” ಅವನು ಬೆನ್ನ ಹಿಂದಿನಿಂದ ಕೈ ತೆಗೆದ. ಹೊಚ್ಚ ಹೊಸ ವೆಲ್ಡಿಂಗ್ ಶೀಲ್ಡು, ಕಪ್ಪು ಗಾಜಿನದು. “ಕೊಂಡುಕೊಂಡೆ. ಇನ್ನು ಮುಂದೆ ದಿನಾ ನೋಡೋದಿದ್ರೆ ಬೇಕಾಗುತ್ತೆ ಅನ್ನಿಸ್ತು.”

ಅವಳು ಆ ಕಪ್ಪು ಗಾಜನ್ನು ನೋಡುತ್ತ ನಿಂತಳು. ಬಾಲ್ಯದಿಂದ ಕೇಳಿಕೊಂಡು ಬಂದ ಒಂದು ಪ್ರಶ್ನೆ, ಅದಕ್ಕೆ ಉತ್ತರ ಇಷ್ಟು ಸರಳವಾಗಿ, ಪ್ಲಾಸ್ಟಿಕ್ ಕವರಿನ ಚೂರು ಇನ್ನೂ ಅಂಟಿಕೊಂಡು, ಎದುರಿಗೆ ಬಂದಿತ್ತು.

“ಹಾಕ್ಕೊಳ್ಳಿ,” ಅಂದಳು. “ಈಗ ನೋಡಿ.”

ಇಬ್ಬರೂ ಶೀಲ್ಡು ಇಳಿಸಿದರು. ಕಿಡಿ ಹತ್ತಿತು. ಒಂದೇ ಕತ್ತಲೊಳಗೆ ಇಬ್ಬರೂ ಆ ಒಂದು ಹನಿ ಬೆಳಕನ್ನು ನೋಡಿದರು. ಅವಳ ಕೈ ಎಲ್ಲೂ ತಡವರಿಸಲಿಲ್ಲ. ಸಾಲು ಮುಗಿದ ಮೇಲೆ ಅವಳು ಸಿಪ್ಪೆ ಕುಟ್ಟಿ ಉದುರಿಸಿ, ಬ್ರಷ್ಷಿನಿಂದ ಉಜ್ಜಿ, ಪಕ್ಕದಲ್ಲಿ ತನ್ನ ನಂಬರಿನ ಅಚ್ಚನ್ನಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕಿದಳು. ಸದ್ದು ಸಂಕದುದ್ದಕ್ಕೂ ಓಡಿ ಆಚೆ ದಡ ಮುಟ್ಟಿತು.

“ಮುಗೀತು. ಈಗ ಹೇಳಿ,” ಅಂದಳು.

ಅವನು ಶೀಲ್ಡು ತೆಗೆದ. ಇಷ್ಟು ದಿನ ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಗಿತ್ತು. ಜೇಬಿನಿಂದ ಬಾಗಿದ ಪಟ್ಟಿ ತೆಗೆದ. ದಿನಾ ಜೇಬಿನಲ್ಲಿದ್ದು ಅದರ ಅಂಚು ನುಣುಪಾಗಿತ್ತು. “ನನಗೆ ನೀನು ಬೇಕು ಸುಮನಾ. ಹೇಳೋಕೆ ಬೇರೆ ಎಂತದೂ ಗೊತ್ತಾಗ್ತಿಲ್ಲ.”

ಅವನು ‘ನೀನು’ ಅಂದದ್ದು ಅದೇ ಮೊದಲು.

“ಅಟ್ಟದ ಮೇಲೆ ರಾಡ್ ಒಣಗಿಸಲ್ಲ ಅಂತ ಮಾತು ಕೊಡು ಮೊದಲು,” ಅಂದಳು.

“ಕೊಟ್ಟೆ.”

“ಹಾಗಾದ್ರೆ ನನಗೂ ನೀನೇ ಬೇಕು. ನೀನು ಆ ಮಹಡಿ ಮೇಲೆ ಪುಸ್ತಿಕೆ ವಾಪಸ್ ಡ್ರಾಯರಿಗೆ ಹಾಕಿದಾಗಲೇ ಬೇಕಾಗಿದ್ದೆ. ಸಿಟ್ಟಲ್ಲಿದ್ದೆ, ಗೊತ್ತಾಗಲಿಲ್ಲ.”

ಅವನ ಕಿವಿ ಕೆಂಪಾಯಿತು. ಈ ಸಲ ಸುಳ್ಳಿಗಲ್ಲ.

ದಂಡೆಯಿಂದ ಅಜ್ಜಿಯ ದನಿ ಬಂತು. “ಮಗಾ, ಆ ಹುಡುಗ ಕೈಯಲ್ಲಿ ಎಂತದೋ ತಂದ್ನಲ್ಲ, ಎಂತದು?”

ಸುಮನಾ ಶೀಲ್ಡನ್ನು ಎತ್ತಿ ಹಿಡಿದು ಬಿಸಿಲಿಗೆ ತೋರಿಸಿದಳು. “ನೆರಳು ಅಜ್ಜಿ. ನೆರಳು ತಂದಿದಾನೆ.”

ಜಲಜಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಸೀರೆ ನೆರಿಗೆ ಕೊಡವಿ ಎದ್ದಳು. “ಹಂಗಾದ್ರೆ ಸರಿ,” ಎಂದು ಮೊಮ್ಮಗಳು ಬೆಸೆದ ಸಂಕದ ಮೇಲೆ ಮೊದಲ ಹೆಜ್ಜೆಯಿಟ್ಟಳು. ಎರಡೂ ಕಡೆ ಕಂಬಿಯಿತ್ತು. ಅವಳು ಹಿಡಿದುಕೊಳ್ಳಲಿಲ್ಲ.